ದಾವಣಗೆರೆಯಲ್ಲಿ ಮೊಣಕಾಲು ನೋವಿನ ಹಿರಿಯರೊಂದಿಗೆ ಉಳಿಯಲು ಹೋಟೆಲ್: ಆಟೋದಿಂದ ಹಾಸಿಗೆಯವರೆಗೆ

ದಾವಣಗೆರೆಗೆ ಬರುವವರಿಗೆ ವಸತಿಯ ಕೊರತೆಯೇನೂ ಇಲ್ಲ. ರೈಲು ನಿಲ್ದಾಣದ ಸುತ್ತಮುತ್ತಲಿನ ಹಳೆಯ ಲಾಡ್ಜುಗಳಿಂದ ಹಿಡಿದು ಪಿ.ಬಿ. ರಸ್ತೆಯ ಹೋಟೆಲುಗಳವರೆಗೆ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ರ ಬೈಪಾಸ್ ಪಕ್ಕದ ಹೊಸ ಕಟ್ಟಡಗಳವರೆಗೆ, ಕೈಯಲ್ಲಿರುವ ದುಡ್ಡಿಗೆ ತಕ್ಕ ಕೋಣೆ ಸಿಕ್ಕೇ ಸಿಗುತ್ತದೆ. ಆದರೆ ಮೊಣಕಾಲು ಸವೆದು ವಾಕರ್ ಹಿಡಿದು ನಡೆಯುವ ಹಿರಿಯರೊಬ್ಬರನ್ನು ಕರೆದುಕೊಂಡು, ಬಟ್ಟೆಯ ಸೂಟ್‌ಕೇಸು, ಔಷಧಿಯ ಚೀಲ, ಮದುವೆಗೆ ತಂದ ಉಡುಗೊರೆಯ ಗಂಟು ಇವನ್ನೆಲ್ಲ ಹೊತ್ತು ಬರುವವರಿಗೆ ಇಷ್ಟೊಂದು ಹೋಟೆಲುಗಳು ಬೆರಳೆಣಿಕೆಗೆ ಇಳಿದುಬಿಡುತ್ತವೆ. ನನ್ನ ತಾಯಿಯವರೊಂದಿಗೆ ನಾನು ಉಳಿದದ್ದು ಪಿ.ಬಿ. ರಸ್ತೆಗೆ ಹೊಂದಿಕೊಂಡ, ನಾಲ್ಕು ಅಂತಸ್ತಿನ, ಮಧ್ಯಮ ದರದ ಹೋಟೆಲಿನಲ್ಲಿ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಲ್ಲಿ ಕಂಡ ಕೊರತೆಗಳು ಅದೇ ರಸ್ತೆಯ ಇನ್ನೂ ಹಲವು ಕಡೆ ಇರುವಾಗ ಒಬ್ಬರ ಮೇಲಷ್ಟೇ ದೂರು ಹೊರಿಸುವುದು ನ್ಯಾಯವಲ್ಲ ಎಂದು ನನಗನ್ನಿಸಿದೆ.

ಹೋಟೆಲು ಎಷ್ಟು ಹತ್ತಿರ ಎಂದು ಕೇಳಿದಾಗ ಎಲ್ಲರೂ ನಿಲ್ದಾಣದಿಂದ ಇರುವ ದೂರವನ್ನೇ ಹೇಳುತ್ತಾರೆ. ಕಾಲು ಸರಿಯಿಲ್ಲದವರಿಗೆ ಆ ಅರ್ಧ ಕಿಲೋಮೀಟರೋ ಎರಡು ಕಿಲೋಮೀಟರೋ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಅದನ್ನು ಆಟೋ ನೋಡಿಕೊಳ್ಳುತ್ತದೆ. ನಿಜವಾದ ದೂರ ಶುರುವಾಗುವುದು ಆಟೋ ನಿಂತ ಮೇಲೆ: ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಹಾಸಿಗೆಗೆ, ರಾತ್ರಿ ಹಾಸಿಗೆಯಿಂದ ಬಾತ್‌ರೂಮಿಗೆ. ಜೊತೆಯಲ್ಲಿ ಬಂದವರಿಗೆ ಇರುವುದು ಎರಡೇ ಕೈ. ಒಂದು ಕೈ ಹಿರಿಯರ ರಟ್ಟೆಯಲ್ಲಿದ್ದರೆ ಇನ್ನೊಂದರಲ್ಲಿ ಸೂಟ್‌ಕೇಸು ಎಳೆಯಬಹುದು, ಆದರೆ ಅದು ಸಮತಟ್ಟಾದ ನೆಲದಲ್ಲಿ ಮಾತ್ರ. ಮೆಟ್ಟಿಲು ಎದುರಾದ ಕೂಡಲೇ ಎರಡೂ ಕೈ ಹಿರಿಯರಿಗೇ ಬೇಕಾಗುತ್ತವೆ, ಸಾಮಾನು ಬೀದಿಯಲ್ಲಿ ಉಳಿಯುತ್ತದೆ. ಹಾಗಾಗಿ ಸಾಮಾನಿನ ತೊಂದರೆಯನ್ನೂ ಕಾಲಿನ ತೊಂದರೆಯನ್ನೂ ಬೇರೆ ಬೇರೆಯಾಗಿ ಯೋಚಿಸಿ ಪ್ರಯೋಜನವಿಲ್ಲ.

ಜಾಗದ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ರೈಲು ಹಳಿ ದಾವಣಗೆರೆಯ ನಡುವೆಯೇ ಹಾದುಹೋಗುತ್ತದೆ, ಅಶೋಕ ರಸ್ತೆಯ ರೈಲ್ವೆ ಗೇಟಿನ ಕಾಟ ಊರಿನವರಿಗೆಲ್ಲ ಹಳೆಯ ಕಥೆ. ನಾವು ಹೋಗಬೇಕಾದ ಕಲ್ಯಾಣ ಮಂಟಪವೋ ಆಸ್ಪತ್ರೆಯೋ ಹಳಿಯ ಯಾವ ಮಗ್ಗುಲಲ್ಲಿದೆಯೋ ಅದೇ ಮಗ್ಗುಲಲ್ಲಿ ಹೋಟೆಲು ಹಿಡಿಯುವುದು ಒಳ್ಳೆಯದು. ಬಾಪೂಜಿ ಆಸ್ಪತ್ರೆಗೆ ಬರುವವರು ನಿಲ್ದಾಣದ ಪಕ್ಕದ ಲಾಡ್ಜಿಗಿಂತ ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಗಳ ಕಡೆ ವಿಚಾರಿಸುವುದು ಮೇಲು. ಬೈಪಾಸ್ ಪಕ್ಕದ ಹೋಟೆಲುಗಳಲ್ಲಿ ಕಾರು ಬಾಗಿಲಿಗೇ ಬರುತ್ತದೆ, ಅಂಗಳ ವಿಶಾಲವಾಗಿರುತ್ತದೆ, ಆದ್ದರಿಂದ ಸ್ವಂತ ವಾಹನವಿದ್ದವರಿಗೆ ಅವೇ ಸರಿ. ರೈಲಿನಲ್ಲಿ ಬಂದವರು ಅಲ್ಲಿ ಉಳಿದರೆ ಪ್ರತಿ ಸಲವೂ ಆಟೋಕ್ಕಾಗಿ ಕಾಯಬೇಕಾಗುತ್ತದೆ.

ನಮ್ಮ ಹೋಟೆಲಿಗೆ ಫೋನು ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ಲಿಫ್ಟಿನದು. "ಲಿಫ್ಟ್ ಐತ್ರಿ, ಅಮ್ಮಾರಿಗೆ ಏನೂ ತೊಂದ್ರಿ ಆಗಂಗಿಲ್ಲ" ಎಂದು ರಿಸೆಪ್ಷನ್ನಿನವರು ಪ್ರೀತಿಯಿಂದಲೇ ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಲಿಫ್ಟು ಇತ್ತು. ಆದರೆ ಬೀದಿಯಿಂದ ರಿಸೆಪ್ಷನ್ನಿಗೆ ಮೂರು ಮೆಟ್ಟಿಲು, ರಿಸೆಪ್ಷನ್ನಿನಿಂದ ಲಿಫ್ಟಿನ ಬಾಗಿಲಿಗೆ ಮತ್ತೆ ಐದು ಮೆಟ್ಟಿಲು. ಎಲ್ಲವೂ ನುಣುಪಾಗಿ ಪಾಲಿಶ್ ಮಾಡಿದ ಗ್ರಾನೈಟ್, ಹಿಡಿದುಕೊಳ್ಳಲು ಕಂಬಿಯಿಲ್ಲ. ಇದು ಆ ಒಂದು ಕಟ್ಟಡದ ದೋಷವಲ್ಲ. ವಾಹನ ನಿಲ್ಲಿಸುವ ಸೆಲ್ಲಾರನ್ನು ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಕಟ್ಟುವುದರಿಂದ ಅದರ ಮೇಲಿನ ಮೊದಲ ಅಂತಸ್ತು ಬೀದಿಗಿಂತ ಮೂರು ನಾಲ್ಕು ಅಡಿ ಎತ್ತರಕ್ಕೆ ಹೋಗುತ್ತದೆ, ಲಿಫ್ಟು ಆ ಎತ್ತರದ ನೆಲಕ್ಕೆ ಬಂದು ನಿಲ್ಲುತ್ತದೆ. ಮೊದಲ ಮಹಡಿಗೂ ನಾಲ್ಕನೆಯ ಮಹಡಿಗೂ ಸುಖವಾಗಿ ಹೋಗಬಹುದಾದರೂ ಲಿಫ್ಟಿನವರೆಗೆ ಹೋಗುವುದೇ ಕಷ್ಟ.

ನಮಗೆ ದಾರಿ ತೋರಿಸಿದವರು ಹೊರಗಿದ್ದ ವಾಚ್‌ಮನ್. ಅಮ್ಮ ಮೊದಲ ಮೆಟ್ಟಿಲ ಮುಂದೆ ವಾಕರ್ ಊರಿ ನಿಂತದ್ದನ್ನು ನೋಡಿ ಅವರು ಓಡಿ ಬಂದು, "ಅಮ್ಮಾರೆ, ಹತ್ತಬ್ಯಾಡ್ರಿ, ಆಟೋನ ಕೆಳಗ ತಗೊಂಡು ಬರ್ರಿ" ಎಂದು ಕಟ್ಟಡದ ಪಕ್ಕದ ಇಳಿಜಾರಿನತ್ತ ಕೈ ಮಾಡಿದರು. ಆಟೋ ಸೆಲ್ಲಾರಿಗೆ ಇಳಿಯಿತು. ಲಿಫ್ಟು ಅಲ್ಲಿಯವರೆಗೂ ಬರುತ್ತಿತ್ತು! ಬೈಕುಗಳ ನಡುವಿನ ನಾಲ್ಕು ಹೆಜ್ಜೆಯ ಸಮತಟ್ಟಾದ ಜಾಗ ದಾಟಿ, ಮೆಟ್ಟಿಲು ಒಂದನ್ನೂ ಹತ್ತದೆ, ಅಮ್ಮ ಲಿಫ್ಟಿನೊಳಗೆ ಹೋದರು. ಸಾಮಾನೂ ಅದೇ ದಾರಿಯಲ್ಲಿ ಬಂತು. ಈ ಸೌಲಭ್ಯ ಹೋಟೆಲಿನ ಜಾಹೀರಾತಿನಲ್ಲಿ ಇಲ್ಲ, ಫೋನಿನಲ್ಲಿ ಮಾತಾಡಿದವರಿಗೂ ಅದನ್ನು ಹೇಳಬೇಕೆಂದು ಹೊಳೆದಿರಲಿಲ್ಲ. ದಾವಣಗೆರೆಯಲ್ಲಾಗಲಿ ಬೇರೆ ಯಾವ ಊರಿನಲ್ಲಾಗಲಿ ಕೋಣೆ ಕಾಯ್ದಿರಿಸುವವರು ಲಿಫ್ಟು ಇದೆಯೇ ಎಂದು ಕೇಳುವ ಬದಲು ಲಿಫ್ಟು ಸೆಲ್ಲಾರಿನಿಂದ ಹೊರಡುತ್ತದೆಯೇ, ಅಲ್ಲಿಯವರೆಗೆ ಆಟೋ ಬಿಡುತ್ತಾರೆಯೇ ಎಂದು ಕೇಳಿದರೆ ಅರ್ಧ ಚಿಂತೆ ಕಳೆಯುತ್ತದೆ. ಅದರ ಜೊತೆಗೇ ಕರೆಂಟು ಹೋದಾಗ ಲಿಫ್ಟು ಜನರೇಟರಿನಲ್ಲಿ ಓಡುತ್ತದೆಯೇ ಎಂದೂ ಕೇಳಬೇಕು, ಏಕೆಂದರೆ ಎಷ್ಟೋ ಕಡೆ ಜನರೇಟರಿನಿಂದ ನಡೆಯುವುದು ದೀಪ ಮತ್ತು ಫ್ಯಾನು ಮಾತ್ರ. ನಮ್ಮಲ್ಲಿ ಲಿಫ್ಟೂ ಓಡಿತು.

ಮುಂಬಾಗಿಲಿನಲ್ಲೂ ಒಂದು ಇಳಿಜಾರು ಇತ್ತು, ಆದರೆ ಅದು ಸ್ಕೂಟರು ಹತ್ತಿಸಲು ಹಾಕಿದ ಕಡಿದಾದ ಸಿಮೆಂಟಿನ ಪಟ್ಟಿ. ಗಾಲಿಕುರ್ಚಿಗೆ ಇರಬೇಕಾದ ಇಳಿಜಾರಿನ ಪ್ರಮಾಣ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲಿಗೇ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕಾಗುತ್ತದೆ. ರಸ್ತೆಗೂ ಕಟ್ಟಡಕ್ಕೂ ನಡುವೆ ಅಷ್ಟು ಜಾಗವಿಲ್ಲ ಎಂದು ಮ್ಯಾನೇಜರ್ ಹೇಳಿದ್ದು ಒಪ್ಪತಕ್ಕ ಮಾತೇ, ಆದರೂ ಗೋಡೆಗುಂಟ ತಿರುಗಿಸಿ ಕಟ್ಟಿದರೆ ಅದಕ್ಕೆ ಜಾಗ ಸಾಲುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರಿ ಕಟ್ಟಡವಷ್ಟೇ ಅಲ್ಲ, ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರುತ್ತದೆ. ನಿಯಮಗಳು 2017ರಲ್ಲಿ ಬಂದವು, ಅಲ್ಲಿಂದ ಐದು ವರ್ಷದೊಳಗೆ ಹಳೆಯ ಕಟ್ಟಡಗಳೂ ಎಲ್ಲರೂ ಬಳಸುವಂತಾಗಬೇಕು ಎಂದು ಕಾಯ್ದೆ ಹೇಳಿತ್ತು, ಆ ಅವಧಿಯೂ ಮುಗಿದುಹೋಗಿದೆ. ಹಿಡಿಕಂಬಿ ಹಾಕಿಸುವುದಕ್ಕಂತೂ ಜಾಗದ ನೆಪ ಹೇಳುವಂತಿಲ್ಲ. ಎಂಟು ಮೆಟ್ಟಿಲಿನ ಪಕ್ಕಕ್ಕೆ ಒಂದು ಸ್ಟೀಲು ಕಂಬಿ ಹಾಕಿಸಲು ವೆಲ್ಡಿಂಗ್ ಅಂಗಡಿಯವರಿಗೆ ಒಂದು ದಿನ ಸಾಕು.

ಕೋಣೆ ಸ್ವಚ್ಛವಾಗಿತ್ತು, ಗಾಳಿ ಬೆಳಕು ಚೆನ್ನಾಗಿತ್ತು. ಮಂಚದ ವಿಷಯದಲ್ಲಿ ನನಗೆ ಹೊಸದೊಂದು ತಿಳಿಯಿತು. ಈಗ ಎಲ್ಲೆಡೆ ಇರುವ ಪೆಟ್ಟಿಗೆಯಾಕಾರದ ಮಂಚದ ಕೆಳಗೆ ಖಾಲಿ ಜಾಗವಿರುವುದಿಲ್ಲ. ಮೊಣಕಾಲು ನೋವಿರುವವರು ಕುಳಿತಲ್ಲಿಂದ ಏಳುವಾಗ ಪಾದಗಳನ್ನು ಹಿಂದಕ್ಕೆ, ಮಂಚದ ಕೆಳಗೆ ಸರಿಸಿಕೊಂಡು, ಮೈಯನ್ನು ಮುಂದಕ್ಕೆ ಬಾಗಿಸಿ ಏಳುತ್ತಾರೆ. ಈ ಮಂಚದಲ್ಲಿ ಹಿಮ್ಮಡಿ ಹಲಗೆಗೆ ತಾಗಿ ನಿಲ್ಲುತ್ತದೆ, ಏಳುವ ಭಾರವೆಲ್ಲ ಕೈಗೆ ಬೀಳುತ್ತದೆ. ಹಾಸಿಗೆಯೂ ತಗ್ಗಾಗಿತ್ತು. ಕೇಳಿದ ಕೂಡಲೇ ಇನ್ನೊಂದು ಹಾಸಿಗೆಯನ್ನು ತಂದು ಮೇಲೆ ಹಾಕಿಕೊಟ್ಟರು, ಎತ್ತರ ಮೊಣಕಾಲಿನ ಮಟ್ಟಕ್ಕೆ ಬಂತು, ಅಮ್ಮ ಯಾರ ಸಹಾಯವೂ ಇಲ್ಲದೆ ಎದ್ದರು.

ಬಾತ್‌ರೂಮಿನ ವಿಷಯದಲ್ಲಿ ಈ ಹೋಟೆಲನ್ನು ಹೊಗಳಲಾರೆ. ನೀರು ಕೋಣೆಗೆ ಬರದಿರಲೆಂದು ಬಾಗಿಲಲ್ಲಿ ಮೂರು ಇಂಚಿನ ಗ್ರಾನೈಟ್ ಹೊಸ್ತಿಲು ಕಟ್ಟಿದ್ದಾರೆ. ಬಾಗಿಲು ಎರಡು ಅಡಿಗಿಂತ ತುಸು ಹೆಚ್ಚು ಅಗಲ. ವಾಕರನ್ನು ಓರೆ ಮಾಡಿ ಒಳಗೆ ಸರಿಸಬೇಕು, ಹೊಸ್ತಿಲ ಮೇಲೆ ಅದನ್ನು ಎತ್ತಿಡಬೇಕು, ಆ ಹೊತ್ತಿನಲ್ಲಿ ಹಿಡಿದುಕೊಳ್ಳಲು ಬಾಗಿಲ ಚೌಕಟ್ಟು ಬಿಟ್ಟರೆ ಬೇರೇನಿಲ್ಲ. ಕಮೋಡಿನ ಪಕ್ಕದಲ್ಲಿ ಕಾಣುವ ಸ್ಟೀಲಿನ ಕಂಬಿ ಟವೆಲು ಹಾಕುವುದಕ್ಕೆ. ಎರಡು ಸಣ್ಣ ಸ್ಕ್ರೂಗಳಲ್ಲಿ ನಿಂತಿರುವ ಅದರ ಮೇಲೆ ಮೈಭಾರ ಹಾಕಿದರೆ ಗೋಡೆಯಿಂದ ಕಿತ್ತು ಬರುತ್ತದೆ, ಇದನ್ನು ಹಿರಿಯರಿಗೆ ಮೊದಲೇ ಹೇಳಿಡಬೇಕು. ಎಲ್ಲಕ್ಕಿಂತ ಆತಂಕದ ಸಂಗತಿ ಬಾಗಿಲು ಒಳಮುಖವಾಗಿ ತೆರೆದುಕೊಳ್ಳುವುದು. ಒಳಗಿದ್ದವರು ಜಾರಿ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತಳ್ಳಿದರೂ ತೆರೆಯುವುದಿಲ್ಲ. ಚಿಲಕ ಹಾಕಬೇಡಿ ಎಂದು ಅಮ್ಮನಿಗೆ ಹೇಳಿ ನಾನು ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದೆ. ಕಮೋಡ್ ತಗ್ಗಾಗಿರುತ್ತದೆ ಎಂದು ಊಹಿಸಿ ಮನೆಯಿಂದಲೇ ಪ್ಲಾಸ್ಟಿಕ್ಕಿನ ಕಮೋಡ್ ರೈಸರ್ ತಂದಿದ್ದೆವು. ಮೆಡಿಕಲ್ ಸಲಕರಣೆಗಳ ಅಂಗಡಿಯಲ್ಲಿ ಸಿಗುವ ಈ ವಸ್ತು ಕೂರುವ ಎತ್ತರವನ್ನು ನಾಲ್ಕರಿಂದ ಆರು ಇಂಚು ಏರಿಸುತ್ತದೆ, ಸೂಟ್‌ಕೇಸಿನಲ್ಲಿ ಅದಕ್ಕೆ ಜಾಗ ಹೋದರೂ ಚಿಂತೆಯಿಲ್ಲ. ಸ್ನಾನಕ್ಕೆ ಇಟ್ಟಿದ್ದ ಗಿಡ್ಡ ಸ್ಟೂಲು ಮಂಡಿ ಮಡಿಸಲಾಗದವರಿಗೆ ಉಪಯೋಗವಿಲ್ಲ. ಊಟದ ಹಾಲಿನಿಂದ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ತರಿಸಿ, ಅದರ ಕಾಲುಗಳ ಕೆಳಗೆ ರಬ್ಬರ್ ಮ್ಯಾಟ್ ಹಾಸಿ ಅಮ್ಮನಿಗೆ ಸ್ನಾನ ಮಾಡಿಸಿದೆ.

ಕಟ್ಟಡದ ಈ ಕೊರತೆಗಳನ್ನು ಸಹ್ಯವಾಗಿಸಿದ್ದು ಅಲ್ಲಿನ ಸಿಬ್ಬಂದಿ, ಅದನ್ನು ಮನಸ್ಸಿಟ್ಟು ಬರೆಯುತ್ತಿದ್ದೇನೆ. ಸಾಮಾನು ತಂದ ರೂಮ್ ಬಾಯ್ ಸೂಟ್‌ಕೇಸನ್ನು ನೆಲದ ಮೇಲಿಡದೆ, "ಅಜ್ಜಿ, ಇಲ್ಲಿಟ್ರ ಬಗ್ಗೋದು ಬ್ಯಾಡ" ಎಂದು ಟೀಪಾಯಿಯ ಮೇಲಿಟ್ಟ. ಎಷ್ಟೋ ದುಬಾರಿ ಹೋಟೆಲುಗಳಲ್ಲೂ ಈ ವಿವೇಕವನ್ನು ನಾನು ಕಂಡಿಲ್ಲ. ನಡೆಯುವ ದಾರಿಗೆ ಅಡ್ಡವಾಗಿದ್ದ ಕಾಲೊರಸನ್ನು ತಾನಾಗಿಯೇ ತೆಗೆದ, ವಾಕರಿನ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಪ್ರತಿ ಸಲ ಹೊರಡುವಾಗಲೂ ವಾಚ್‌ಮನ್ ಆಟೋವನ್ನು ಸೆಲ್ಲಾರಿಗೇ ಕರೆಸಿಕೊಟ್ಟರು. ಕೋಣೆ ಬಿಟ್ಟ ಮೇಲೆ ಸಂಜೆಯ ರೈಲಿನವರೆಗೆ ಸಾಮಾನನ್ನು ರಿಸೆಪ್ಷನ್ನಿನಲ್ಲೇ ಇಟ್ಟುಕೊಂಡರು, ಅದಕ್ಕೆ ಹಣ ಕೇಳಲಿಲ್ಲ.

ಊಟ ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಟೆಲಿನ ಊಟದ ಹಾಲ್ ಮೊದಲ ಮಹಡಿಯಲ್ಲಿದ್ದು ಲಿಫ್ಟಿನಿಂದ ನೇರವಾಗಿ ಹೋಗಬಹುದು. ಬೆಣ್ಣೆ ದೋಸೆಗೆ ಹೆಸರಾದ ಊರಿನ ಅಂಗಡಿಗಳಲ್ಲಿ ಬಹುಪಾಲು ಚಿಕ್ಕವು, ಇಕ್ಕಟ್ಟಿನವು, ವಾಕರ್ ಹಿಡಿದು ಒಳಗೆ ಹೋಗಿ ಕೂರುವುದು ಕಷ್ಟ. ನಾವು ಕಟ್ಟಿಸಿಕೊಂಡು ಬಂದೆವು. ದೋಸೆ ಮೆತ್ತಗಾಗಿತ್ತು, ಆದರೂ ಚಟ್ನಿ ಮತ್ತು ಆಲೂಗಡ್ಡೆ ಪಲ್ಯದೊಂದಿಗೆ ಅಮ್ಮ ಸಂತೋಷದಿಂದ ತಿಂದರು.

ಸಮಯದ ಲೆಕ್ಕವನ್ನೂ ಮೊದಲೇ ಕೇಳಿಕೊಳ್ಳಬೇಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರಾತ್ರಿ ರೈಲುಗಳಲ್ಲಿ ಕೆಲವು ದಾವಣಗೆರೆಗೆ ಬರುವುದು ಅವೇಳೆಯಲ್ಲಿ. ಹೋಟೆಲಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುವುದಾದರೆ ಬೆಳಗಿನ ಜಾವ ಬಂದವರು ಇಡೀ ದಿನದ ಬಾಡಿಗೆ ಹೆಚ್ಚಿಗೆ ಕೊಡಬೇಕು, ಇಲ್ಲವೇ ಕಾಲು ಚಾಚಲೂ ಆಗದ ಸೋಫಾದ ಮೇಲೆ ಕಾಯಬೇಕು. ಬಂದ ಗಳಿಗೆಯಿಂದ ಇಪ್ಪತ್ನಾಲ್ಕು ಗಂಟೆ ಕೊಡುವ ಲಾಡ್ಜುಗಳು ಈಗಲೂ ಇವೆ, ಹಿರಿಯರನ್ನು ಕರೆದುಕೊಂಡು ಬರುವವರಿಗೆ ಅವು ಅನುಕೂಲ. ಹಗಲು ಪ್ರಯಾಣಕ್ಕೆ 2023ರ ಜೂನಿನಿಂದ ಓಡುತ್ತಿರುವ ಬೆಂಗಳೂರು–ಧಾರವಾಡ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಆದರೆ ನಿಲ್ಲುವುದು ಸ್ವಲ್ಪವೇ ಹೊತ್ತು. ಊರು ಬರುವ ಮೊದಲೇ ಹಿರಿಯರನ್ನೂ ಸಾಮಾನನ್ನೂ ಬಾಗಿಲ ಬಳಿಗೆ ತಂದುಕೊಂಡಿರಬೇಕು.

ಸುಮಾರು ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ಉಳಿಯುವ ಆಲೋಚನೆ ಇದ್ದವರು ಒಂದು ಸಂಗತಿ ನೆನಪಿಡಬೇಕು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಆ ಊರನ್ನು ಮುಟ್ಟುವುದಿಲ್ಲ, ಚಿಕ್ಕಜಾಜೂರಿನಲ್ಲಿ ಇಳಿದು ಮತ್ತೆ ವಾಹನ ಹಿಡಿಯಬೇಕಾಗುತ್ತದೆ. ಸಾಮಾನು ಏರಿಸಿ ಇಳಿಸುವ ಕೆಲಸ ಒಂದು ಸಲ ಹೆಚ್ಚುತ್ತದೆ. ಕೋಟೆ ನೋಡಲು ಹೊರಟ ಕುಟುಂಬದಲ್ಲಿ ಮೆಟ್ಟಿಲು ಹತ್ತಲಾಗದವರಿದ್ದರೆ ಅವರು ಹೇಗೂ ಕೋಣೆಯಲ್ಲೇ ಉಳಿಯಬೇಕಾಗುವುದರಿಂದ, ಅಲ್ಲಿ ಹೋಟೆಲು ಹುಡುಕುವಾಗ ಕೋಣೆಯ ಕಿಟಕಿ, ಊಟ ಕೋಣೆಗೇ ತಂದುಕೊಡುವ ಏರ್ಪಾಡು ಇವನ್ನು ಇನ್ನಷ್ಟು ಗಮನಿಸಬೇಕು.

ಮೊಬೈಲಿನಲ್ಲಿ ಕಾಣುವ ಹೋಟೆಲಿನ ಚಿತ್ರಗಳಲ್ಲಿ ಹಾಸಿಗೆ, ಪರದೆ, ಟಿವಿ ಇರುತ್ತವೆ. ಮೆಟ್ಟಿಲೂ ಹೊಸ್ತಿಲೂ ಇರುವುದಿಲ್ಲ. ಆದ್ದರಿಂದ ಮುಂಗಡ ಕಳಿಸುವ ಮೊದಲು, ಬೀದಿಯಿಂದ ಶುರುಮಾಡಿ ಲಿಫ್ಟು, ಕೋಣೆ, ಬಾತ್‌ರೂಮಿನ ಬಾಗಿಲು, ಕಮೋಡ್ ಇವಿಷ್ಟನ್ನೂ ನಡೆಯುತ್ತಾ ಹೋಗಿ ಒಂದು ನಿಮಿಷದ ವಿಡಿಯೊ ತೆಗೆದು ವಾಟ್ಸ್‌ಆಪ್‌ನಲ್ಲಿ ಕಳಿಸಿ ಎಂದು ಕೇಳಿಕೊಳ್ಳಿ. ಕಳಿಸಲು ಒಪ್ಪದ ಹೋಟೆಲನ್ನು ಬಿಟ್ಟುಬಿಡಿ. ನಮ್ಮ ಹೋಟೆಲು ವಾಕರ್ ಅಥವಾ ಕೋಲು ಹಿಡಿದು ನಡೆಯುವವರಿಗೆ, ಜೊತೆಯಲ್ಲಿ ಒಬ್ಬರು ಗಟ್ಟಿಮುಟ್ಟಾದವರಿದ್ದರೆ, ಆದೀತು. ಗಾಲಿಕುರ್ಚಿಯಲ್ಲೇ ಓಡಾಡುವವರಿಗೆ ಆಗುವುದಿಲ್ಲ, ಬಾತ್‌ರೂಮಿನ ಬಾಗಿಲಿನಲ್ಲಿ ಕುರ್ಚಿ ಹಿಡಿಸುವುದಿಲ್ಲ. ಹೊರಡುವಾಗ ಹಿಡಿಕಂಬಿಯ ಮಾತನ್ನೂ ಬಾಗಿಲು ಹೊರಮುಖವಾಗಿ ತೆರೆಯುವಂತೆ ಮಾಡಿಸುವ ಮಾತನ್ನೂ ಮ್ಯಾನೇಜರರಿಗೆ ಬರೆದುಕೊಟ್ಟು ಬಂದಿದ್ದೇನೆ. ಕೆಳಗಿನ ಎರಡು ಕೋಣೆಗಳಲ್ಲಾದರೂ ಮಾಡಿಸುತ್ತೇವೆ ಎಂದು ಅವರು ಹೇಳಿದ್ದಾರೆ.