2 ಲಕ್ಷ ದಾಟಿದ ಇ-ಕ್ಲಾಸ್ ಡಬ್ಲ್ಯೂ211: ಮೀಟರ್‌ಗಿಂತ ಮೊದಲು ಸರ್ವಿಸ್ ಫೈಲ್ ನೋಡಿ

ಹಳೆಯ ಲಕ್ಷುರಿ ಕಾರು ಹುಡುಕುವವರು ಮೊದಲು ಕೇಳುವುದು ಒಂದೇ ಪ್ರಶ್ನೆ, ಎಷ್ಟು ಓಡಿದೆ? 80 ಸಾವಿರ ಅಂದರೆ ಖುಷಿ. 2 ಲಕ್ಷದ 60 ಸಾವಿರ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಮರ್ಸಿಡಿಸ್ ಇ-ಕ್ಲಾಸ್‌ನ ಒಂದು ತಲೆಮಾರಿನ ಹೆಸರು ಡಬ್ಲ್ಯೂ211, ಅದರ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ನನ್ನ ಹತ್ತಿರ ಇರುವುದು ಫೇಸ್‌ಲಿಫ್ಟ್ ಆದ, ಅಂದರೆ ಕಂಪನಿ ನಡುವೆ ಸುಧಾರಿಸಿ ಬಿಟ್ಟ, ಇ 220 ಸಿಡಿಐ ಡೀಸೆಲ್. ತಗೊಳ್ಳುವಾಗಲೇ 2 ಲಕ್ಷ ಕಿಲೋಮೀಟರ್ ದಾಟಿತ್ತು, ಗೊತ್ತಿದ್ದೇ ತಗೊಂಡೆ, ಇವತ್ತು ಯಾರಾದರೂ ಕೇಳಿದರೂ ಅಂಥದ್ದನ್ನೇ ಹುಡುಕಿ ಅನ್ನುತ್ತೇನೆ.

ಈ ಕಾರು ಬಂದಿದ್ದು 2002ರಲ್ಲಿ, 2009ರಲ್ಲಿ ಡಬ್ಲ್ಯೂ212 ಅದರ ಜಾಗಕ್ಕೆ ಬಂತು. ಅಂದರೆ ಈಗ ಸಿಗುವ ಯಾವ ಡಬ್ಲ್ಯೂ211 ಕೂಡ ಹೊಸದಲ್ಲ, ಆದರೂ ಒಳಗೆ ಕೂತರೆ ವಯಸ್ಸು ಗೊತ್ತಾಗುವುದು ಸ್ಕ್ರೀನ್ ನೋಡಿದಾಗ ಮಾತ್ರ. ಸೀಟು ದೊಡ್ಡದು, ಗಟ್ಟಿ, ನಾಲ್ಕು ಗಂಟೆ ಓಡಿಸಿ ಇಳಿದರೂ ಸೊಂಟ ಹಿಡಿಯುವುದಿಲ್ಲ. ಗಾಳಿಯನ್ನು ಸೀಳುವ ಆಕಾರ ಎಷ್ಟು ಚೆನ್ನಾಗಿದೆ ಅಂದರೆ ಗಾಳಿಯ ತಡೆಯನ್ನು ಅಳೆಯುವ ಡ್ರ್ಯಾಗ್ ಕೋಎಫಿಶಿಯಂಟ್ 0.26ರಷ್ಟು ಕಡಿಮೆ, ಹೈವೇಯಲ್ಲಿ ಸದ್ದು ಇಲ್ಲದಿರುವುದಕ್ಕೆ ಅದೂ ಒಂದು ಕಾರಣ. ಫೇಸ್‌ಲಿಫ್ಟ್ 220 ಸಿಡಿಐನಲ್ಲಿ 170 ಎಚ್‌ಪಿ, 400 ನ್ಯೂಟನ್ ಮೀಟರ್ ಟಾರ್ಕ್. ನಿಂತಲ್ಲಿಂದ ಹಾರುವ ಕಾರು ಅಲ್ಲ, ಆದರೆ ಒಂದು ಸಲ ವೇಗ ಹಿಡಿದ ಮೇಲೆ ದಿನವಿಡೀ ಹಾಗೇ ಹೋಗುತ್ತಿರುತ್ತದೆ. ಈ ತಲೆಮಾರಿನ ಡೀಸೆಲ್‌ಗಳ ಮೇಲೆ ನನಗೆ ನಂಬಿಕೆ ಬಂದಿದ್ದು ಸುಮ್ನೆ ಅಲ್ಲ. 2005ರಲ್ಲಿ ಟೆಕ್ಸಸ್‌ನ ಲರೇಡೋ ಟ್ರ್ಯಾಕ್‌ನಲ್ಲಿ ಮೂರು ಇ 320 ಸಿಡಿಐಗಳನ್ನು ಹಗಲೂ ರಾತ್ರಿ 1 ಲಕ್ಷ ಮೈಲಿ ಓಡಿಸಿದ್ದರು, ಸರಾಸರಿ ವೇಗ ಗಂಟೆಗೆ ಸುಮಾರು 224 ಕಿಲೋಮೀಟರ್. ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ವರ್ಷಗಟ್ಟಲೆ ದುಡಿದಿದ್ದೂ ಇದೇ ಕಾರು.

ಹಾಗಂತ ಯಾವುದು ಸಿಕ್ಕಿದರೂ ತಗೋಬಹುದಾ? ಇಲ್ಲ. ಇಲ್ಲಿ ವರ್ಷ ತುಂಬಾ ಮುಖ್ಯ, ಮೀಟರ್‌ಗಿಂತ ಮುಖ್ಯ.

2006ರ ಫೇಸ್‌ಲಿಫ್ಟ್‌ಗಿಂತ ಮೊದಲಿನ ಕಾರುಗಳಲ್ಲಿ ಎಸ್‌ಬಿಸಿ ಅನ್ನುವ ಎಲೆಕ್ಟ್ರೋ ಹೈಡ್ರಾಲಿಕ್ ಬ್ರೇಕ್ ಇದೆ. ನೀವು ಪೆಡಲ್ ಒತ್ತಿದಾಗ ಕಂಪ್ಯೂಟರ್ ಅದನ್ನು ಓದಿಕೊಂಡು, ಒಂದು ಪಂಪ್ ಕೂಡಿಟ್ಟ ಪ್ರೆಷರ್‌ನಿಂದ ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕುತ್ತದೆ. ಐಡಿಯಾ ಚೆನ್ನಾಗಿತ್ತು, ಕೆಲಸ ಮಾಡುವಾಗ ಬ್ರೇಕ್ ಕೂಡ ಚೆನ್ನಾಗಿಯೇ ಇರುತ್ತದೆ. ಆದರೆ ಆ ಯೂನಿಟ್ ಎಷ್ಟು ಸಲ ಬ್ರೇಕ್ ಹಾಕಿದ್ದೀರಿ ಅಂತ ಎಣಿಸುತ್ತಿರುತ್ತದೆ, ಮಿತಿ ಮುಟ್ಟಿದರೆ ಇಡೀ ಯೂನಿಟ್ ಬದಲಿಸು ಅನ್ನುತ್ತದೆ. ಪೂರ್ತಿ ಕೈಕೊಟ್ಟರೆ ಮುಂದಿನ ಚಕ್ರಗಳಿಗಷ್ಟೇ ಬ್ರೇಕ್, ಅದೂ ಪೆಡಲ್ ಮೇಲೆ ಜೋರಾಗಿ ನಿಂತರೆ. 2004ರಲ್ಲಿ ಸುಮಾರು 6 ಲಕ್ಷದ 80 ಸಾವಿರ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆಸಿದ್ದರು, 2005ರಲ್ಲಿ ಮತ್ತೆ ಕರೆಸಿದರು, ಕೊನೆಗೆ ಫೇಸ್‌ಲಿಫ್ಟ್‌ನಲ್ಲಿ ಈ ಸಿಸ್ಟಮ್ಮನ್ನೇ ತೆಗೆದು ಮಾಮೂಲಿ ಬ್ರೇಕ್ ಹಾಕಿದರು. ಇನ್ನೊಂದು ವಿಷಯ, ಎಸ್‌ಬಿಸಿ ಇರುವ ಕಾರಿಗೆ ಪ್ಯಾಡ್ ಬದಲಿಸುವ ಮೊದಲು ಸ್ಕ್ಯಾನರ್ ಹಾಕಿ ಸಿಸ್ಟಮ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ತಾನಾಗಿಯೇ ಮುಚ್ಚಿಕೊಂಡು ಮೆಕ್ಯಾನಿಕ್‌ನ ಬೆರಳು ಜಜ್ಜಬಹುದು. ಇದು ಗೊತ್ತಿಲ್ಲದ ಗ್ಯಾರೇಜಿಗೆ ಅಂಥ ಕಾರನ್ನು ಕೊಡಲೇಬೇಡಿ. ಯೂನಿಟ್ ಬದಲಿಸಿದ ದಾಖಲೆ ಇದ್ದರೆ ಮೊದಲಿನ ಕಾರೂ ಸರಿಯೇ, ಇಲ್ಲದಿದ್ದರೆ ಫೇಸ್‌ಲಿಫ್ಟ್ ಆದದ್ದನ್ನೇ ನೋಡಿ.

ಎರಡನೆಯದು ಏರ್‌ಮ್ಯಾಟಿಕ್. ಗಾಳಿಯ ಸಸ್ಪೆನ್ಷನ್ ಇರುವ ಡಬ್ಲ್ಯೂ211 ಓಡಿಸಿದವರು ಅದನ್ನು ಹೊಗಳುವುದರಲ್ಲಿ ಅತಿಶಯ ಏನೂ ಇಲ್ಲ, ನಿಜಕ್ಕೂ ತೇಲುತ್ತದೆ. ಆದರೆ ಅದರ ರಬ್ಬರ್ ಚೀಲಗಳಿಗೆ ವಯಸ್ಸಾಗುತ್ತದೆ, ಕಾರು ಓಡಲಿ ಬಿಡಲಿ. ಸಣ್ಣದಾಗಿ ಗಾಳಿ ಸೋರಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ, ಆಮೇಲೆ ಎರಡೂ ಖರ್ಚು ಒಟ್ಟಿಗೆ. ನೋಡಲು ಹೋದಾಗ ಕಾರು ರಾತ್ರಿಯಿಡೀ ನಿಂತಿರಲಿ ಅಂತ ಕೇಳಿ, ಬೆಳಿಗ್ಗೆ ಒಂದು ಮೂಲೆ ಕೆಳಗೆ ಕೂತಿದೆಯಾ ನೋಡಿ. ನಾನು ಸ್ಟೀಲ್ ಸ್ಪ್ರಿಂಗ್ ಇರುವುದನ್ನೇ ಬೇಕಂತ ಹುಡುಕಿದೆ. ಮೆತ್ತನೆಯ ಸವಾರಿಯಲ್ಲಿ ಸ್ವಲ್ಪ ಕಳಕೊಂಡೆ, ನಿದ್ದೆ ಚೆನ್ನಾಗಿ ಬರುತ್ತದೆ.

ಎಂಜಿನ್‌ಗಳಲ್ಲಿ ನನ್ನ ಓಟು ಡೀಸೆಲ್‌ಗೆ, ಆದರೆ ಎಲ್ಲ ಡೀಸೆಲ್ ಒಂದೇ ಅಲ್ಲ. ನಾಲ್ಕು ಸಿಲಿಂಡರಿನ ಒಎಂ646 ಮತ್ತು ಸಾಲು ಆರು ಸಿಲಿಂಡರಿನ ಒಎಂ648 (ಇವು ಎಂಜಿನ್‌ಗಳ ಕೋಡ್) ಎರಡೂ ಗಟ್ಟಿಯಾದವು, ನೋಡಬೇಕಾದದ್ದು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನ ಬುಡ. ಅಲ್ಲಿನ ತಾಮ್ರದ ವಾಷರ್ ಸೋರಿದರೆ ಡಾಂಬರಿನಂಥ ಕಪ್ಪು ಮಸಿ ಸುತ್ತ ಕಟ್ಟಿಕೊಳ್ಳುತ್ತದೆ, ಚುಸ್ ಚುಸ್ ಅಂತ ಸದ್ದು ಬರುತ್ತದೆ. ಪ್ಲಾಸ್ಟಿಕ್ ಕವರ್ ತೆಗೆಸಿ ಕಣ್ಣಾರೆ ನೋಡಿ. ಬೇಗ ಹಿಡಿದರೆ ಸಣ್ಣ ರಿಪೇರಿ, ಬಿಟ್ಟರೆ ಇಂಜೆಕ್ಟರ್ ಅಂಟಿಕೊಂಡು ಹೊರಗೇ ಬರುವುದಿಲ್ಲ. ಆಮೇಲೆ ಬಂದ ವಿ6 ಡೀಸೆಲ್ ಒಎಂ642 ಓಡಿಸಲು ಬಹಳ ಮಜಾ, ಆದರೆ ಅದರ ಆಯಿಲ್ ಕೂಲರ್ ಎಂಜಿನ್ನಿನ ವಿ ಕಣಿವೆಯೊಳಗೆ, ಟರ್ಬೋ ಮ್ಯಾನಿಫೋಲ್ಡ್‌ಗಳ ಅಡಿಯಲ್ಲಿ ಕೂತಿದೆ. ಅದರ ಸೀಲ್ ಚಿಕ್ಕದು, ಸಸ್ತಾ. ಅಲ್ಲಿಗೆ ತಲುಪುವ ಕೂಲಿಯೇ ಜೇಬು ಖಾಲಿ ಮಾಡುತ್ತದೆ. ಪೆಟ್ರೋಲ್ ವಿ6 ಎಂ272ರಲ್ಲಿ ಸುಮಾರು 2006ರವರೆಗಿನ ಎಂಜಿನ್‌ಗಳಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ನ ಗೇರ್ ಬೇಗ ಸವೆಯುತ್ತದೆ, ಅದನ್ನು ಬದಲಿಸಲು ಎಂಜಿನ್ ಕೆಳಗಿಳಿಸಬೇಕು. ಎಂಜಿನ್ ನಂಬರ್ ನೋಡಿ ಯಾವ ಬ್ಯಾಚ್ ಅಂತ ಖಚಿತ ಮಾಡಿಕೊಳ್ಳದೆ ಇ 280, ಇ 350 ಪೆಟ್ರೋಲ್‌ಗೆ ಅಡ್ವಾನ್ಸ್ ಕೊಡಬೇಡಿ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. 220 ಸಿಡಿಐನಲ್ಲಿ ಬರುವ ಹಳೆಯ 5 ಸ್ಪೀಡ್ ಆಟೋಮ್ಯಾಟಿಕ್, ಅಂದರೆ 722.6, ಈ ಕಾರಿನ ದೊಡ್ಡ ಆಸ್ತಿ. ಆಯಿಲ್ ಬದಲಿಸುತ್ತಿದ್ದರೆ ಸಾಕು. ಆದರೆ ತುಂಬಾ ಜನ ಜೀವಮಾನಪೂರ್ತಿ ಬದಲಿಸುವುದೇ ಬೇಡ ಅಂತ ನಂಬಿ ಬಿಟ್ಟಿರುತ್ತಾರೆ. ನಾನಂತೂ 60 ಸಾವಿರಕ್ಕೊಮ್ಮೆ ಬದಲಿಸುವವನು. ಶುರುವಿನ ವರ್ಷಗಳ ಕಾರಾದರೆ ರೇಡಿಯೇಟರ್ ಬದಲಾಗಿದೆಯಾ ಕೇಳಿ, ಕೆಲವದರಲ್ಲಿ ಒಳಗೇ ಸೋರಿ ಕೂಲೆಂಟ್ ಗೇರ್‌ಬಾಕ್ಸ್‌ಗೆ ಸೇರಿಕೊಳ್ಳುತ್ತದೆ, ಆಮೇಲೆ ಗೇರ್‌ಬಾಕ್ಸ್ ಉಳಿಯುವುದು ಕಷ್ಟ.

ತುಕ್ಕಿನ ವಿಷಯದಲ್ಲಿ ಹಿಂದಿನ ಡಬ್ಲ್ಯೂ210ಗಿಂತ ಎಷ್ಟೋ ವಾಸಿ. ವೈಪರ್ ಕೆಳಗಿನ ಡ್ರೈನ್‌ನಲ್ಲಿ ಎಲೆ ತುಂಬಿದ್ದರೆ ಕ್ಲೀನ್ ಮಾಡಿಸಿ, ನೀರು ಎಲೆಕ್ಟ್ರಾನಿಕ್ಸ್‌ಗೆ ಇಳಿದರೆ ತಲೆನೋವು.

ಈಗ ಕಿಲೋಮೀಟರ್ ವಿಷಯಕ್ಕೆ ಬರೋಣ. ಇಷ್ಟು ಹಳೆಯ ಕಾರು ಬರೀ 80 ಸಾವಿರ ಓಡಿದೆ ಅಂದರೆ ಎರಡರಲ್ಲಿ ಒಂದು. ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ಕಾರು ಜಾಸ್ತಿ ನಿಂತೇ ಇತ್ತು. ನಿಂತ ಕಾರಿನ ಸೀಲ್ ಒಣಗುತ್ತದೆ, ರಬ್ಬರ್ ಬಿರುಕು ಬಿಡುತ್ತದೆ, ಬ್ಯಾಟರಿ ಇಳಿದು ಡ್ಯಾಶ್‌ಬೋರ್ಡ್ ತುಂಬಾ ಸುಳ್ಳು ಎಚ್ಚರಿಕೆಗಳು ಬರುತ್ತವೆ, ಐದೈದು ನಿಮಿಷದ ಓಡಾಟದಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಹೈವೇಯಲ್ಲಿ 2 ಲಕ್ಷದ 60 ಸಾವಿರ ಓಡಿ, ಪ್ರತಿ ಸರ್ವಿಸ್‌ಗೂ ಬಿಲ್ ಇರುವ ಕಾರು ನನ್ನ ಕಣ್ಣಿಗೆ ಅದಕ್ಕಿಂತ ಎಷ್ಟೋ ಮೇಲು. ನಾನು ನೋಡಲು ಹೋದ ಒಂದು ಕಾರಿನಲ್ಲಿ ಮೀಟರ್ 90 ಸಾವಿರ ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ನುಣ್ಣಗೆ ಸವೆದು ಹೋಗಿತ್ತು, ಡ್ರೈವರ್ ಸೀಟಿನ ಅಂಚು ಕುಸಿದಿತ್ತು, ಮಾರುವವರು ನಾನು ಬರುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದರು. ಅಲ್ಲಿಂದ ಸೀದಾ ಹೊರಟು ಬಂದೆ. ಟೈರ್ ಪಕ್ಕದ ನಾಲ್ಕಂಕಿಯ ತಾರೀಖನ್ನೂ ಓದಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಾಲ್ಕೂ ಟೈರ್ ಒಂದೇ ಒಳ್ಳೆ ಕಂಪನಿಯದು, ಹತ್ತಿರದ ತಾರೀಖಿನದು ಆಗಿದ್ದರೆ ಮಾಲೀಕರು ದುಡ್ಡು ಉಳಿಸಲು ನೋಡಿಲ್ಲ ಅಂತ ಅರ್ಥ.

ಖರ್ಚಿನ ಮಾತು ನೇರವಾಗಿ ಹೇಳುತ್ತೇನೆ. ಕಾರಿನ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರಬಹುದು, ಪಾರ್ಟ್‌ಗಳ ಬೆಲೆ ಹಾಗೆ ಇಳಿಯುವುದಿಲ್ಲ. ಕೊಂಡ ಬೆಲೆಯ ಮೂರನೇ ಒಂದು ಪಾಲು ಮೊದಲ ವರ್ಷಕ್ಕೆ ಅಂತ ಬೇರೆಯೇ ಇಡಿ. ಅಷ್ಟು ಇಡಲು ಆಗದಿದ್ದರೆ ಈ ಕಾರು ಈಗ ಬೇಡ. ಸಸ್ಪೆನ್ಷನ್ ಆರ್ಮ್‌ಗೆ ಲೆಮ್‌ಫೋರ್ಡರ್, ಶಾಕ್‌ಗೆ ಸಾಕ್ಸ್ ಅಥವಾ ಬಿಲ್‌ಸ್ಟೈನ್, ಎಲೆಕ್ಟ್ರಿಕಲ್‌ಗೆ ಬಾಷ್, ಫಿಲ್ಟರ್‌ಗೆ ಮಾನ್, ಇವುಗಳನ್ನು ತಗೊಂಡರೆ ಮರ್ಸಿಡಿಸ್ ಸ್ಟಾರ್ ಗುರುತಿನ ಡಬ್ಬಿಗೆ ಕೊಡುವ ಹೆಚ್ಚಿನ ದುಡ್ಡು ಉಳಿಯುತ್ತದೆ, ಗುಣಮಟ್ಟದಲ್ಲಿ ನನಗಂತೂ ವ್ಯತ್ಯಾಸ ಕಂಡಿಲ್ಲ. ಕೊಳ್ಳುವ ಮೊದಲೇ ಮರ್ಸಿಡಿಸ್‌ನದೇ ಸ್ಕ್ಯಾನರ್ ಆದ ಸ್ಟಾರ್ ಡಯಾಗ್ನೋಸಿಸ್ ಇರುವ ಮೆಕ್ಯಾನಿಕ್ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ಕಾರನ್ನು ಮೊದಲು ಅವರಿಗೆ ತೋರಿಸಿ, ಆಮೇಲೆ ಬೆಲೆ ಮಾತಾಡಿ.

ಎಸ್ಟೇಟ್, ಅಂದರೆ ಹಿಂದೆ ಉದ್ದ ಡಿಕ್ಕಿ ಇರುವ ಮಾದರಿ ಬೇಕು ಅನ್ನುವವರಿಗೆ: ಇದೇ ಕಾರಿನ ಎಸ್ಟೇಟ್ ಆದ ಎಸ್211ರಲ್ಲಿ ಸೀಟು ಮಡಚಿದರೆ 1950 ಲೀಟರ್ ಜಾಗ ಸಿಗುತ್ತದೆ, ಅದರ ಮುಂದೆ ಎಷ್ಟೋ ಎಸ್‌ಯುವಿಗಳು ಸಣ್ಣವು. ಆದರೆ ಅದರಲ್ಲಿ ಹಿಂದಿನ ಸಸ್ಪೆನ್ಷನ್ ಗಾಳಿಯದ್ದೇ, ಸ್ಟೀಲ್ ಸ್ಪ್ರಿಂಗ್ ಕಾರು ಅಂತ ಮಾರುವವರು ಹೇಳಿದರೂ ಹಿಂದಿನ ಸಸ್ಪೆನ್ಷನ್ನಿನ ಎರಡು ಗಾಳಿ ಚೀಲಗಳ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಚೌಕಾಸಿ ಮಾಡಿ.