ಹಳೆ ಹ್ಯಾಂಡಿಕ್ಯಾಮ್ ಟೇಪು ಕಂಪ್ಯೂಟರಿಗೆ: ಯಾವ ದಾರಿ ವಾಸಿ?

ಖರ್ಚು ಮಾಡುವುದಿದ್ದರೆ ಟೇಪು ಓಡಿಸುವ ಕ್ಯಾಮೆರಾಕ್ಕೆ ಮಾಡಿ, ಕಂಪ್ಯೂಟರಿಗೆ ಚುಚ್ಚುವ ಡಬ್ಬಿಗಲ್ಲ. ಮನೆಯ ವಿಡಿಯೋ8, ಹೈ8 ಟೇಪುಗಳನ್ನು (ಎರಡೂ ಹಳೆ ಹ್ಯಾಂಡಿಕ್ಯಾಮಿನ 8 ಮಿ.ಮೀ. ಟೇಪು) ಬೇರೆ ಬೇರೆ ದಾರಿಯಲ್ಲಿ ಇಳಿಸಿ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದೇ. ಈ ಸಣ್ಣ ಟೇಪನ್ನು ವಿಎಚ್‌ಎಸ್ ಪ್ಲೇಯರಿಗೆ ಹಾಕುವ ಅಡಾಪ್ಟರ್ ಹುಡುಕುತ್ತಾ ಕೂರಬೇಡಿ, ಅಂಥದ್ದು ಇಲ್ಲ. ಅದು ಇರುವುದು ವಿಎಚ್‌ಎಸ್‌ನದೇ ಚಿಕ್ಕ ರೂಪವಾದ ವಿಎಚ್‌ಎಸ್-ಸಿ ಟೇಪಿಗೆ. 8 ಮಿ.ಮೀ. ಟೇಪಿಗೆ ಅದೇ ಜಾತಿಯ ಕ್ಯಾಮೆರಾನೇ ಬೇಕು.

ಎಲ್ಲರೂ ಮೊದಲು ಕೊಳ್ಳುವುದು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ, ಅಂದರೆ ಕ್ಯಾಮೆರಾದ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ಫೈಲಾಗಿ ಇಳಿಸುವ ಸಾಧನ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ, ಅಗ್ಗ. ಹಳದಿ ಪಿನ್ನಿನಲ್ಲಿ (ಬಣ್ಣ, ಬೆಳಕು ಎರಡೂ ಒಂದೇ ವೈರಿನಲ್ಲಿ) ಚಿತ್ರ ಕೊಟ್ಟರೆ ಸೀರೆಯ ಜರಿ ಅಂಚಿನ ಮೇಲೆ ಸಣ್ಣ ಚುಕ್ಕಿಗಳು ಹರಿದಾಡುತ್ತವೆ, ಕೆಂಪು ಬಣ್ಣ ಪಕ್ಕಕ್ಕೆ ಚೆಲ್ಲಿದ ಹಾಗೆ ಕಾಣುತ್ತದೆ. ಕ್ಯಾಮೆರಾದಲ್ಲಿ ಬಣ್ಣ, ಬೆಳಕನ್ನು ಬೇರೆ ಬೇರೆ ಕಳಿಸುವ ಎಸ್-ವಿಡಿಯೋ ತೂತು ಇದ್ದರೆ ಅದನ್ನೇ ಬಳಸಿ, ಚುಕ್ಕಿಗಳ ಕಾಟ ಹೋಗುತ್ತದೆ. ಆದರೆ ಕಡ್ಡಿಯ ದೊಡ್ಡ ತಲೆನೋವು ಚಿತ್ರ ಅಲ್ಲ, ಧ್ವನಿ. ನಮ್ಮೂರ ಜಾತ್ರೆಯ ಡೊಳ್ಳು ಕುಣಿತದ ಟೇಪಿನಲ್ಲಿ ಇದು ಚೆನ್ನಾಗಿ ಗೊತ್ತಾಯಿತು: ಶುರುವಿನಲ್ಲಿ ಕೋಲು ಬಿದ್ದಾಗಲೇ ಸದ್ದು ಬರುತ್ತದೆ, ಟೇಪು ಹಾಳಾದ ಜಾಗಗಳಲ್ಲಿ ಕಡ್ಡಿ ಫ್ರೇಮುಗಳನ್ನು ನುಂಗುತ್ತಾ ಹೋಗುತ್ತದೆ, ಕೊನೆಗೆ ಬರುವಷ್ಟರಲ್ಲಿ ಕೋಲು ಮೇಲಿರುವಾಗ ಸದ್ದು ಕೇಳುತ್ತದೆ. ಬರೀ ಮಾತುಕತೆಯ ಟೇಪಿನಲ್ಲಿ ಇಷ್ಟು ಬೇಗ ಕಣ್ಣಿಗೆ ಬೀಳಲ್ಲ.

ಎವಿ-ಯಿಂದ-ಎಚ್‌ಡಿಎಂಐ ಡಬ್ಬಿ ಸುಮ್ನೆ ದುಡ್ಡು ದಂಡ. ನಾನು ತಂದದ್ದು 4:3 ಚಿತ್ರವನ್ನು 16:9ಕ್ಕೆ ಎಳೆದು ಎಲ್ಲರನ್ನೂ ಪೂರಿಯ ಹಾಗೆ ಉಬ್ಬಿಸಿತು. ಮೇಲಾಗಿ ನಮ್ಮ ಪಾಲ್ (ಭಾರತದ ಟಿವಿ ಪದ್ಧತಿ) ಟೇಪಿನ ಸೆಕೆಂಡಿಗೆ 50 ಫೀಲ್ಡುಗಳನ್ನು (ಅರ್ಧ ಫ್ರೇಮುಗಳನ್ನು) 60ಕ್ಕೆ ಹೊಂದಿಸುವ ಗಡಿಬಿಡಿಯಲ್ಲಿ ಚಲನೆ ತಡವರಿಸುತ್ತದೆ. '1080' ಅಂತ ಡಬ್ಬಿ ಮೇಲೆ ಬರೆದರೆ ಟೇಪಿನಲ್ಲಿ ಇಲ್ಲದ ವಿವರ ಬರುತ್ತದಾ? ಇರುವುದೇ 576 ಗೆರೆ.

ಇವೆಲ್ಲಕ್ಕಿಂತ ಮೇಲು ಅನ್ನಿಸಿದ್ದು ಡಿಜಿಟಲ್8 ಕ್ಯಾಮೆರಾ. ಸೋನಿ 1999ರಲ್ಲಿ ತಂದ ಈ ಜಾತಿಯಲ್ಲಿ ಕೆಲವು ಮಾಡೆಲ್‌ಗಳು ಹಳೆ ವಿಡಿಯೋ8, ಹೈ8 ಟೇಪನ್ನೂ ಓಡಿಸುತ್ತವೆ. ಎಲ್ಲವೂ ಅಲ್ಲ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಿಮ್ಮದೇ ಟೇಪು ಹಾಕಿ ನೋಡಿ. ಕ್ಯಾಮೆರಾ ತಾನೇ ಚಿತ್ರ, ಧ್ವನಿ ಎರಡನ್ನೂ ಡಿವಿ ಎಂಬ ಡಿಜಿಟಲ್ ರೂಪಕ್ಕೆ ಬದಲಾಯಿಸಿ ಫೈರ್‌ವೈರ್ ಎಂಬ ವೈರಿನ ಮೂಲಕ ಒಟ್ಟಿಗೇ ಕಳಿಸುತ್ತದೆ. ಅದೇ ಡೊಳ್ಳಿನ ಟೇಪು ಕೊನೆಯವರೆಗೂ ತಾಳ ತಪ್ಪಲಿಲ್ಲ. ಟೈಮ್ ಬೇಸ್ ಕರೆಕ್ಟರ್ (ಚಿತ್ರದ ಗೆರೆಗಳ ಸಮಯ ಸರಿಪಡಿಸುವ ಭಾಗ) ಇರುವ ಮಾಡೆಲ್ ಸಿಕ್ಕರಂತೂ ಬಾಗಿಲ ಚೌಕಟ್ಟು, ಕಂಬಗಳಂಥ ನೇರ ಗೆರೆಗಳ ನಡುಕವೂ ನಿಲ್ಲುತ್ತದೆ. ಗಂಟೆಗೆ ಸುಮಾರು 13 ಜಿಬಿ ಜಾಗ ತಿನ್ನುತ್ತದೆ, ತಿನ್ನಲಿ ಬಿಡಿ.

ಕಷ್ಟ ಇರುವುದು ಫೈರ್‌ವೈರ್‌ನಲ್ಲಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ತೂತೇ ಇಲ್ಲ. ಆ್ಯಪಲ್ ತನ್ನ 2025ರ ಮ್ಯಾಕ್ ಓಎಸ್ ಟಾಹೋದಲ್ಲಿ ಇದನ್ನು ಪೂರ್ತಿ ಕೈಬಿಟ್ಟಿದೆ. ಯುಎಸ್‌ಬಿ-ಫೈರ್‌ವೈರ್ ಅಂತ ಮಾರುವ ಅಗ್ಗದ ವೈರು ಈ ಕೆಲಸಕ್ಕೆ ಬರಲ್ಲ. ಹಳೆ ಡೆಸ್ಕ್‌ಟಾಪಿಗೆ ಫೈರ್‌ವೈರ್ ತೂತಿರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಅಥವಾ ವಿಂಡೋಸ್‌ನಲ್ಲಿ ವಿನ್‌ಡಿವಿ ಸಾಫ್ಟ್‌ವೇರ್ ಓಡಿಸುವುದೇ ಜಾಸ್ತಿ ನಂಬಿಕೆಯ ದಾರಿ. ಇಷ್ಟು ರಗಳೆ ಬೇಡ ಅನ್ನುವವರಿಗೆ ಯುಎಸ್‌ಬಿ ಕಡ್ಡಿ, ಎಸ್-ವಿಡಿಯೋ ಸಾಕು. ಕ್ಯಾಮೆರಾ ಮಾತ್ರ ಒಳ್ಳೆಯದಿರಲಿ, ಟೇಪು ಓದುವ ಹೆಡ್ ಸವೆದಿದ್ದರೆ ಯಾವ ಕಡ್ಡಿಯೂ ಉಳಿಸಲ್ಲ.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಕಳಿಸಿದ ಟೇಪು ಎನ್‌ಟಿಎಸ್‌ಸಿ (ಅಲ್ಲಿನ ಟಿವಿ ಪದ್ಧತಿ) ಆಗಿರುತ್ತದೆ, ಅಲ್ವಾ? ಕಡ್ಡಿಯ ಸಾಫ್ಟ್‌ವೇರಿನಲ್ಲಿ ಪಾಲ್ ಬದಲು ಎನ್‌ಟಿಎಸ್‌ಸಿ ಆರಿಸದಿದ್ದರೆ ಚಿತ್ರ ಕಪ್ಪು ಬಿಳುಪಾಗಿ ಉರುಳುತ್ತದೆ. ಟೇಪು ಕೆಟ್ಟಿದೆ ಅಂತ ಎಸೆಯಬೇಡಿ.

ಸ್ಟುಡಿಯೋಗೂ ಒಂದು ಟೇಪು ಕೊಟ್ಟು ನೋಡಿದೆ. ಹಿಂಡಿ ಹಿಪ್ಪೆ ಮಾಡಿದ ಡಿವಿಡಿ ಕೈಗೆ ಬಂತು, ಹುಲ್ಲು, ಮಳೆ ಎಲ್ಲಾ ಚೌಕ ಚೌಕ. ಕೊಡುವುದಾದರೆ 720x576 ಇಂಟರ್‌ಲೇಸ್ಡ್ (ಫೀಲ್ಡುಗಳನ್ನು ಹಾಗೇ ಉಳಿಸಿದ) ಫೈಲೇ ಬೇಕು ಅಂತ ಮೊದಲೇ ಹೇಳಿ. ಆದರೂ ಒಂದು ವಿಷಯಕ್ಕೆ ಗೊತ್ತಿರುವ ಸ್ಟುಡಿಯೋನೇ ಗತಿ. ಮಲೆನಾಡು, ಕರಾವಳಿಯ ಮನೆಗಳ ಟೇಪುಗಳಿಗೆ ಬೂಸ್ಟು ಹಿಡಿದಿರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಕ್ಯಾಮೆರಾಗೆ ಹಾಕಲೇಬೇಡಿ. ಹೆಡ್ಡಿಗೆ ಅಂಟಿಕೊಂಡು ಮುಂದಿನ ಟೇಪಿಗೂ ಹಬ್ಬುತ್ತದೆ.