ಬಿಜೈಯ ಗಿಟಾರ್ ಕ್ಲಾಸ್: ಮೂರು ತಿಂಗಳು, ಒಂದೇ ರಿಫ್

ಮಂಗಳೂರಿನ ಬಿಜೈಯಲ್ಲಿ ಬೇಕರಿಯ ಮೇಲೆ ಎರಡನೇ ಮಾಳಿಗೆಯಲ್ಲಿ ನಡಿಯುವ ಗಿಟಾರ್ ಕ್ಲಾಸಿಗೆ ಸೇರಿ ನಂಗೆ ಮೂರು ತಿಂಗಳಾಯ್ತು. ಹೆಸರು ಹಾಕುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈಲಿಕ್ಕೂ ಉಂಟು. ನಂಗೆ 43 ವರ್ಷ, ಬ್ಯಾಚಲ್ಲಿ ಉಳಿದ ನಾಲ್ಕು ಜನ ಹೈಸ್ಕೂಲ್ ಮಕ್ಕಳು, ಎಲ್ಲರೂ ಅಂಕಲ್ ಅಂತ್ಲೇ ಕರಿಯುದು.

ಸೇರಿದ ದಿನ ಸರ್ ಕೇಳಿದ್ರು, ಎಂತ ಬಾರಿಸ್ಲಿಕ್ಕೆ ಆಸೆ ಅಂತ. ಬೇರೆ ಎಂತ ಹೇಳುದು ಮಾರಾಯ್ರೆ, ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನವರ ಸ್ಮೋಕ್ ಆನ್ ದ ವಾಟರ್ ಅಂದೆ. ನಮ್ಮ ಕಾಲದಲ್ಲಿ ಕಾಲೇಜ್ ಡೇಗೆ ಬಂದ ಬ್ಯಾಂಡಿನವರು ವಯರ್ ಚುಚ್ಚಿದ ಕೂಡ್ಲೇ ಟೆಸ್ಟಿಂಗಿಗೆ ಬಾರಿಸುದೇ ಅದು, ಮದುವೆ ಮುಂಚಿನ ರೋಸ್‌ಗೆ ಬಂದವರೂ ಅದೇ, ಇಡೀ ಹಾಡು ಕೇಳಿದವರು ಕಮ್ಮಿ ಆದ್ರೆ ಆ ಡಂ ಡಂ ಡಂ ರಿಫ್ (ಹಾಡಲ್ಲಿ ಪುನಃ ಪುನಃ ಬರುವ ಸಣ್ಣ ತುಂಡು) ಗೊತ್ತಿಲ್ಲದವರು ಯಾರೂ ಇರ್ಲಿಲ್ಲ. ನಾನೂ ಯೂಟ್ಯೂಬ್ ನೋಡಿ ದಪ್ಪ ತಂತಿ ಒಂದರಲ್ಲೇ ಕಲ್ತು ಇಟ್ಟಿದ್ದೆ, ಭಾರೀ ಗತ್ತಲ್ಲಿ ಬಾರಿಸಿ ತೋರಿಸಿದೆ. ಸರ್ ನಗ್ಲಿಲ್ಲ. ನನ್ನ ಪಿಕ್ (ತಂತಿ ಮೀಟುವ ಸಣ್ಣ ತುಂಡು) ತಗೊಂಡು ಅವರ ಶರ್ಟಿನ ಜೇಬಿಗೆ ಹಾಕಿದ್ರು, ಒಂದು ತಿಂಗಳು ವಾಪಸ್ ಕೊಡ್ಲೇ ಇಲ್ಲ.

ಯಾಕಂದ್ರೆ ಆ ಬ್ಯಾಂಡಿನ ಗಿಟಾರಿನವ ರಿಚೀ ಬ್ಲ್ಯಾಕ್‌ಮೋರ್ ಅದನ್ನು ಪಿಕ್ಕಲ್ಲಿ ಬಾರಿಸುದೇ ಅಲ್ಲ. ಎರಡು ತಂತಿ ಒಟ್ಟಿಗೆ, ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಎಳಿಯುದು, ನಮ್ಮ ಲೆಕ್ಕದಲ್ಲಿ ಸ ಮತ್ತೆ ಮ ಒಂದೇ ಸಲ ಬಂದ ಹಾಗೆ. ಗಿಟಾರಿನ ಕುತ್ತಿಗೆಯ ಅಡ್ಡಪಟ್ಟಿ ಲೆಕ್ಕದಲ್ಲಿ ಖಾಲಿ, ಮೂರು, ಐದು. ಖಾಲಿ, ಮೂರು, ಆರು, ಐದು. ಆ ಆರರಿಂದ ಐದಕ್ಕೆ ಬರುದುಂಟಲ್ಲ, ಅಲ್ಲಿ ನಾನು ಎರಡು ವಾರ ಸಿಕ್ಕಿ ಬಿದ್ದೆ. ಎರಡು ಬೆರಳಿನ ತುದಿಯೂ ಹಲಸಿನ ಮುಳ್ಳಿನ ಹಾಗೆ ಆಯ್ತು. ಮತ್ತೆ ಅದರ ಅಡಿಯಲ್ಲಿ ಕೇಳುವ ಆ ಗೊರಗೊರ ಶಬ್ದ ಗಿಟಾರಿಂದು ಮಾತ್ರ ಅಲ್ವಂತೆ, ಬ್ಯಾಂಡಿನ ಕೀಬೋರ್ಡಿನವ ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಕೊಟ್ಟು ಅದೇ ರಿಫ್ ಬಾರಿಸಿದ್ದು.

ಮೂರನೇ ವಾರ ಕರೆಂಟು ಹೋಯ್ತು, ಇನ್ವರ್ಟರ್ ಇಲ್ಲ (ಕಂಪ್ಲೇಂಟ್ ನಂಬರ್ ಒಂದು), ಸೊಳ್ಳೆ ಬೇರೆ. ಆ ಕತ್ತಲಲ್ಲಿ ಸರ್ ಹೇಳಿದ ಕಥೆಗೇ ಫೀಸಿನ ದುಡ್ಡು ಬಂತು ಅಂತ ನನ್ನ ಲೆಕ್ಕ.

1971 ಡಿಸೆಂಬರ್ 4, ಸ್ವಿಟ್ಜರ್‌ಲ್ಯಾಂಡಿನ ಮೊಂತ್ರೋ ಊರು, ಜಿನೀವಾ ಸರೋವರದ ಬದಿ. ಡೀಪ್ ಪರ್ಪಲ್ ಬ್ಯಾಂಡಿನವರು ಹೋದದ್ದು ಅಲ್ಲಿನ ಕ್ಯಾಸಿನೋದಲ್ಲಿ ಆಲ್ಬಮ್ ರೆಕಾರ್ಡ್ ಮಾಡ್ಲಿಕ್ಕೆ, ರೋಲಿಂಗ್ ಸ್ಟೋನ್ಸಿನವರ ರೆಕಾರ್ಡಿಂಗ್ ಲಾರಿ ಬಾಡಿಗೆಗೆ ತಗೊಂಡು. ಅದಕ್ಕಿಂತ ಮೊದ್ಲು ಅಮೆರಿಕದ ಸಂಗೀತಗಾರ ಫ್ರ್ಯಾಂಕ್ ಝಾಪ್ಪಾನ ಕಾರ್ಯಕ್ರಮ ಒಂದು ಬಾಕಿ ಇತ್ತು, ಅದರ ಮಧ್ಯ ಯಾರೋ ಒಬ್ಬ ಫ್ಲೇರ್ ಗನ್ ಮೇಲೆ ಮಾಡಿ ಹಾರಿಸಿದ, ಹಡಗಿನವರು ಅಪಾಯಕ್ಕೆ ಇಟ್ಕೊಳ್ತಾರಲ್ಲ ಅದು, ಮಾಡಿಗೇ ಬೆಂಕಿ ಹಿಡೀತು. "ಮಡಲಿನ ಚಪ್ಪರದ ಅಡಿ ನಿಂತು ಗರ್ನಾಲ್ ಬಿಟ್ಟ ಹಾಗೆ" ಅಂದ್ರು ಸರ್. ಕ್ಯಾಸಿನೋ ಪೂರ್ತಿ ಹೋಯ್ತು, ಝಾಪ್ಪಾನ ಸಾಮಾನೂ ಹೋಯ್ತು ಪಾಪ, ಆದ್ರೆ ಯಾರೂ ಸಾಯ್ಲಿಲ್ಲ. ಮೊಂತ್ರೋ ಜಾಝ್ ಫೆಸ್ಟಿವಲ್ ಶುರು ಮಾಡಿದ ಕ್ಲಾಡ್ ನೋಬ್ಸ್ ಒಳಗಿದ್ದ ಮಕ್ಕಳನ್ನು ಹೊರಗೆ ಎಳ್ಕೊಂಡು ಬಂದವರು, ಹಾಡಲ್ಲಿ ಅವರ ಹೆಸರೂ ಉಂಟು. ನೀರಿನ ಮೇಲೆ ಹರಡಿದ ಆ ಹೊಗೆಯೇ ಟೈಟಲ್, ಬಾಸ್ ಬಾರಿಸುವ ರೋಜರ್ ಗ್ಲೋವರಿಗೆ ಕೆಲವು ದಿನ ಬಿಟ್ಟು ನಿದ್ದೆಯಿಂದ ಏಳುವಾಗ ಹೊಳೆದದ್ದು.

ನಾನು ಇಪ್ಪತ್ತು ವರ್ಷ ಅದು ಗಾಂಜಾದ ಹಾಡು ಅಂತ ತಿಳ್ಕೊಂಡಿದ್ದೆ, ನಿಜವಾಗ್ಲೂ.

ಕ್ಯಾಸಿನೋ ಸುಟ್ಟ ಮೇಲೆ ಬ್ಯಾಂಡಿನವರು ರೆಕಾರ್ಡಿಂಗಿಗೆ ಪೆವಿಲಿಯನ್ ಅಂತ ಒಂದು ಥಿಯೇಟರಿಗೆ ಹೋದ್ರಂತೆ, ಮಧ್ಯರಾತ್ರಿ ಈ ರಿಫ್ ಬಾರಿಸಿದ್ರೆ ಅಕ್ಕಪಕ್ಕದವರು ಬಿಡ್ತಾರಾ, ಪೊಲೀಸ್ ಬಂತು, ಬ್ಯಾಂಡಿನ ಕೆಲಸದ ಹುಡುಗರು ಒಳಗಿಂದ ಬಾಗಿಲು ಒತ್ತಿ ಹಿಡಿದು ಟೇಕ್ ಮುಗಿಸಿದ್ದು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಲ್ಲಿ ಹಾಸಿಗೆ ಅಡ್ಡ ಇಟ್ಟು ಉಳಿದ ಹಾಡು ರೆಕಾರ್ಡ್ ಮಾಡಿದ್ದು. 1972ರಲ್ಲಿ ಆ ಆಲ್ಬಮ್ ಮಷೀನ್ ಹೆಡ್ ಬಂತು, ಆದ್ರೆ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ಮೊದ್ಲು ಬಿಟ್ಟದ್ದು ಬೇರೆಯೇ ಹಾಡು. ಇದು 1973ರಲ್ಲಿ ಸಿಂಗಲ್ ಆಗಿ ಬಂದು ಅಮೆರಿಕದಲ್ಲಿ 4ನೇ ನಂಬರಿಗೆ ಹೋಯ್ತು. ಆರ್ಮೇನಿಯಾದ 1988ರ ಭೂಕಂಪ ಆದ ಮೇಲೆ ದೊಡ್ಡ ದೊಡ್ಡವರೆಲ್ಲ ಸೇರಿ ಸಹಾಯಕ್ಕೆ ಅಂತ ಪುನಃ ಹಾಡಿದ್ದೂ ಇದನ್ನೇ. ಬ್ಯಾಚಿನ ಸಣ್ಣವ ಕೇಳಿದ, "ಹಾಗಾದ್ರೆ ಇದು ನ್ಯೂಸಾ ಸರ್?" ಹೌದಲ್ಲ, ಪೇಪರ್ ವರದಿಯನ್ನೇ ಹಾಡಿದ್ದು, ಒಂದು ಉಪಮೆ ಇಲ್ಲ. ಅದೇ ನಂಗೆ ಈಗ ಖುಷಿ ಕೊಡುದು.

ಇನ್ನು ಬೈಗುಳ. ಅವರು ಹೇಳಿದ ಅಂಗಡಿಯಲ್ಲೇ ಗಿಟಾರ್ ತಗೊಂಡೆ, ತಂತಿ ಎಷ್ಟು ಎತ್ತರ ಅಂದ್ರೆ ಒತ್ತಿದ್ರೆ ಬೆರಳು ಕೊಯ್ದು ಹೋಗುದೇ, ಸರಿ ಮಾಡಿಸ್ಲಿಕ್ಕೆ ಮತ್ತೆ 600 ರೂಪಾಯಿ. ಫೀಸ್ ತಿಂಗಳಿಗೆ 1800, ಎಂಟು ಕ್ಲಾಸ್ ಅಂತ ಹೇಳುದು, ಮದುವೆ ಸೀಸನಲ್ಲಿ ಸರ್ ಬ್ಯಾಂಡಿಗೆ ಹೋದ್ರೆ ಐದಕ್ಕೆ ಇಳೀತದೆ, ಬಾಕಿ ಮೂರು ಕೊಡುದಿಲ್ಲ. ಸ್ವರ ಬರಿಯುದು ಓದುದು ಏನೂ ಕಲಿಸುದಿಲ್ಲ, ಪರೀಕ್ಷೆ ಬೇಕಾದವರು ಬೇರೆ ಕಡೆ ನೋಡಿ.

ಐದಕ್ಕೆ ನಾಲ್ಕು. ಸೇರುವವರು ಶನಿವಾರ ಐದೂವರೆ ಬ್ಯಾಚ್ ಬಿಟ್ಟು ಬೇರೆ ತಗೊಳ್ಳಿ, ಬೇಕರಿ ಎದುರು ಒಂದೇ ಕಾರಿಗೆ ಜಾಗ ಇರುದು, ಆ ಹೊತ್ತಿಗೆ ಅಲ್ಲಿ ನಂದು ಇರ್ತದೆ.